ಶನಿವಾರದ ನಕಲು

ಮಾರಾಯಾ,

ಇದನ್ನು ನಿನಗೆ ಕಳಿಸುವ ಮುಖ ನನಗಿಲ್ಲ, ಆದರೂ ಹೇಳದಿದ್ದರೆ ತಲೆ ಕೆಟ್ಟುಹೋಗುತ್ತದೆ. ಇವತ್ತು ನಮ್ಮ ಫೋಟೋ ಸ್ಟುಡಿಯೋದ ಕಂಪ್ಯೂಟರಿಗೆ ಹೊಸ ಆಪರೇಟಿಂಗ್ ಸಿಸ್ಟಂ ಹಾಕಿದೆ. ನನ್ನ ಫೈಲುಗಳೆಲ್ಲ ಮಾಯ. ನೀನು ಪ್ರತಿ ಶನಿವಾರ ಎಲ್ಲವನ್ನೂ ಒಂದು ಡಿಸ್ಕಿಗೆ ನಕಲು ಮಾಡಿಡುತ್ತಿದ್ದಾಗ 'ಅನುಮಾನಂ ಪೆದ್ದರೋಗಂ' ಎಂದು ಆಡಿಕೊಳ್ಳುತ್ತಿದ್ದೆನಲ್ಲ, ರಿಪೇರಿಯವನು ಅದೇ ಡಿಸ್ಕಿನಿಂದ ಹಳೆಯದನ್ನೆಲ್ಲ ವಾಪಸ್ ತಂದ. ನೀನು ಹೋದಮೇಲಿನ ಎರಡು ವರ್ಷದ್ದು ಸಿಗಲಿಲ್ಲ. ಅದರಲ್ಲಿ ನನ್ನ ಮಗಳು ಮೊದಲ ಹೆಜ್ಜೆ ಇಟ್ಟ ವಿಡಿಯೋ ಮಾತ್ರ ಬಂತು.

ಗಲಿಬಿಲಿ ಅಲ್ಲೇ. ನಾವು ಜಗಳವಾಡಿ ನೀನು ಪಾಲು ಮುರಿದುಕೊಂಡು ಹೋದದ್ದು ಗುರುವಾರ. ಅವಳು ನಡೆದದ್ದು ಮರುದಿನ.

"ನಕಲಿನ ತಾರೀಕು ತಪ್ಪಿರಬಹುದಾ?" ಎಂದು ರಿಪೇರಿಯವನನ್ನು ಕೇಳಿದೆ.

"ಇಲ್ಲ ಸಾರ್, ಶನಿವಾರ ಬೆಳಿಗ್ಗೆ ಯಾರೋ ಕೂತು ಮಾಡಿದ್ದಾರೆ. ನೀವೇ ಇರ್ಬೇಕು."

ನಾನಲ್ಲ. ಆ ಶನಿವಾರ ನಾನು ಸ್ಟುಡಿಯೋದ ಒಳಕೋಣೆಯಲ್ಲಿದ್ದೆ. ಬಾಗಿಲಲ್ಲಿ ನಿನ್ನ ಕೀಲಿಕೈ ತಿರುಗಿದ್ದು ಕೇಳಿಸಿತು. ನಿನ್ನ ಸಾಮಾನು ಒಯ್ಯಲು ಬಂದಿದ್ದೀಯ ಎಂದುಕೊಂಡು, ನೀನು ಹೋಗುವವರೆಗೂ ಉಸಿರು ಬಿಗಿಹಿಡಿದು ಕೂತೆ. ಅಷ್ಟು ಹೊತ್ತು ನೀನು ಏನು ಮಾಡಿದೆ ಎಂಬುದು ಈಗ ಗೊತ್ತಾಯಿತು. ಯಾಕೆ ಮಾಡಿದೆ ಎಂಬುದರ ತಲೆಬುಡ ತಿಳಿಯುತ್ತಿಲ್ಲ. ನಿನ್ನ ಕ್ಯಾಮೆರಾ ಚೀಲ ಇನ್ನೂ ಅದೇ ಮೊಳೆಗೆ ನೇತಾಡುತ್ತಿದೆ.

ಆ ಸೋಮವಾರ ನಾನು ಬೀಗ ಬದಲಾಯಿಸಿದೆ.