ಭಾಲ್ಕಿಯಿಂದ ಬಂದ ಸಕ್ಕರೆ

ನೌಬಾದ, ಬೀದರ
ತಾ. ೧೯-೮-೧೯೫೫

ಶ್ರೀ ಗುರುಬಸವಲಿಂಗಾಯ ನಮಃ

ಭಾಲ್ಕಿಯ ಹಾವಗೆಪ್ಪಣ್ಣನಿಗೆ ತಂಗಿ ಗುರಮ್ಮ ಮಾಡುವ ಶರಣು.

ನಿನ್ನ ಮೂರು ಕಾಗದಗಳು ಮುಟ್ಟಿವೆ. ಉತ್ತರ ತಡವಾಯಿತು, ತಪ್ಪಾಯಿತು. ಜ್ವರ ಬಂದಿತ್ತು, ಮಳೆ ಹಿಡಿದಿತ್ತು ಎಂದು ಎರಡು ಸಲ ಬರೆದು, ಎರಡು ಸಲವೂ ಹರಿದು ಒಲೆಗೆ ಹಾಕಿದೆ. ಇಲ್ಲಿ ಎಲ್ಲರೂ ಕ್ಷೇಮ ಎಂದು ಬರೆಯುವುದು ಪದ್ಧತಿ. ನಮ್ಮ ಮನೆಯವರು ಕ್ಷೇಮ, ಮಗಳು ಸುಂದರಬಾಯಿ ಕ್ಷೇಮ. ನಾನು ಸಿಟ್ಟಿನಲ್ಲಿದ್ದೇನೆ. 

ಮೊದಲು ಸಕ್ಕರೆಯ ವಿಷಯ. ನಿನ್ನ ಮಗ ಮಲ್ಲಿಕಾರ್ಜುನನಿಗೆ ನಮ್ಮ ಸುಂದ್ರಾಳನ್ನು ತಂದುಕೊಳ್ಳುತ್ತೇನೆ ಎಂದು ಬರೆದೆ. ನಾನು ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. ನೀನು ಕಾಯಲಿಲ್ಲ. ನಿನ್ನ ಆಳು ಪಂಢರಿಯ ಕೈಯಲ್ಲಿ ಎರಡು ಸೇರು ಸಕ್ಕರೆ ಕಟ್ಟಿ ಕಳಿಸಿದೆ. ಗಂಡಿನ ಮನೆಯ ಸಕ್ಕರೆಯನ್ನು ಹೆಣ್ಣಿನ ಮನೆಯವರು ಬಾಯಿಗೆ ಹಾಕಿಕೊಂಡರೆ ಮಾತು ಮುಗಿಯಿತು, ಆಮೇಲೆ ಹಿಂದೆ ಸರಿಯುವಂತಿಲ್ಲ ಎಂಬುದು ಗೊತ್ತಿದ್ದೇ ಕಳಿಸಿದೆ. ನಾನು ಬಾವಿಗೆ ಹೋಗಿದ್ದೆ. ಸಿಹಿ ಕಂಡರೆ ನಮ್ಮ ಮನೆಯವರು ಹೇಗೆ ಎನ್ನುವುದು ನಿನಗೆ ಚೆನ್ನಾಗಿ ಗೊತ್ತು. ಎಲ್ಲಿಂದ ಬಂತು, ಯಾಕೆ ಬಂತು ಎಂದು ಕೇಳುವ ಮೊದಲೇ ಒಂದು ಮುಷ್ಟಿ ಬಾಯಿಗೆ ಸುರಿದುಕೊಂಡಿದ್ದರು.

ನಾನು ಅಂಗಳಕ್ಕೆ ಬಂದರೆ ಪಂಢರಿ ಹಲ್ಲು ಕಿಸಿದು ನಿಂತಿದ್ದಾನೆ. "ಆಯ್ತಲ್ರಿ ಅಕ್ಕಾರ, ನಿಮ್ಮ ಯಜಮಾನ್ರು ಮಡೆಪ್ಪನವರು ಬಾಯಿ ಸಿಹಿ ಮಾಡ್ಕೊಂಡ್ರು. ಭಾಲ್ಕಿಗಿ ಹೋಗಿ ಕೆಲಸ ಪಕ್ಕಾ ಅಂತ ಹೇಳ್ತೇನ್ರಿ" ಎಂದ.

ತಲೆಯ ಮೇಲಿನ ಕೊಡ ಯಾವಾಗ ಬಿತ್ತೋ ಗೊತ್ತಿಲ್ಲ. "ಯಾರಿಗಿ ಕೇಳಿ ತಿಂದ್ರಿ?" ಎಂದು ಕೂಗಿದೆ. ಹದಿನಾರು ವರ್ಷದ ಸಂಸಾರದಲ್ಲಿ ನಾನು ಅವರ ಮುಂದೆ ದನಿ ಎತ್ತಿದ್ದು ಅದೇ ಮೊದಲು. ಪಾಪ, ನುಂಗಲೂ ಆಗದೆ ಉಗುಳಲೂ ಆಗದೆ ನಿಂತರು.

"ಹಿಂಗ್ಯಾಕ ಮಾಡ್ತಿ? ನಿಮ್ಮ ಅಣ್ಣನ ಮನೀದ ಅಲ್ಲೇನ ಇದು?" ಎಂದರು.

"ಅವನ ಮನೀದು ಅಂತಲೇ ಕೇಳ್ತೇನಿ!"

ಓಣಿಯ ಜನ ಬಾಗಿಲಿಗೆ ಬಂದು ನೋಡಿದರು. ಗುರಮ್ಮನ ಬಾಯಲ್ಲಿ ನಾಲಿಗೆ ಇದೆ ಎಂದು ಅವರಿಗೆ ಆವತ್ತೇ ಗೊತ್ತಾಗಿದ್ದು. ನನಗೂ ಆವತ್ತೇ ಗೊತ್ತಾಯಿತು ಅನ್ನು.

ಎರಡು ವರ್ಷದಿಂದ ನನಗೆ ಎದೆ ಉರಿಯುತ್ತಿತ್ತು. ಹಕೀಮರು ಪಿತ್ತ ಎಂದು ಪುಡಿ ಕೊಟ್ಟರು, ತಿಂದೆ. ಅದು ಪಿತ್ತವಲ್ಲ ಎಂದು ಹಿಡಿದವಳು ಕುಬರಾ. ನಮ್ಮ ತವರೂರು ಎಕಂಬಾದಲ್ಲಿ ಎತ್ತುಗಳಿಗೆ ನಾಲ ಕಟ್ಟುತ್ತಿದ್ದ ಅಬ್ದುಲ ಮಜೀದರ ಹೆಂಡತಿ, ಈಗ ಇಲ್ಲಿ ನಮ್ಮ ಪಕ್ಕದ ಮನೆಯಲ್ಲೇ ಇದ್ದಾಳೆ. ಹೋದ ತಿಂಗಳು ಒಂದು ದಿನ ಗೋಡೆಯ ಆಚೆಯಿಂದ ಬಂದು ನನ್ನ ಒಲೆಯ ಮುಂದೆ ಕೂತಳು. "ಗುರಮ್ಮಾ, ಬ್ಯಾರೆ ದಿನ ನೀ ರೊಟ್ಟಿ ಬಡಿತಿ. ಭಾಲ್ಕಿಂದು ಕಾಗದ ಬಂದ ದಿನ ರೊಟ್ಟಿಗಿ ಹೊಡಿತಿ. ನನಗ ಸಪ್ಪಳದಾಗೇ ಗೊತ್ತಾಗ್ತದ. ಹಕೀಮನ ಪುಡಿ ಬಿಸಾಕು. ಯಾರ ಮ್ಯಾಲ ಗುಸ್ಸಾ ಅದ, ಅವರಿಗಿ ಹೇಳು" ಎಂದಳು.

ನಾನು ನಕ್ಕುಬಿಟ್ಟೆ. ನನಗೇನು ಸಿಟ್ಟು, ನನ್ನ ಅಣ್ಣ ದೇವರಂಥವನು ಎಂದೆ. ಹೇಳುವಾಗಲೇ ಕೈಯಲ್ಲಿದ್ದ ರೊಟ್ಟಿ ಎರಡು ತುಂಡಾಯಿತು. ಏಳು ವರ್ಷದಿಂದ ನೀನು ಪಂಚಮಿಗೆ ಕರೆಯುವುದು, ನಾನು ಏನಾದರೂ ನೆಪ ಹೇಳುವುದು. ಅದು ನೆಪ ಎಂದು ನನಗೇ ತಿಳಿದಿರಲಿಲ್ಲ, ಅಣ್ಣಾ. ಒಂದು ವರ್ಷ ನಿಜವಾಗಿಯೂ ಕಾಲು ಊದಿತ್ತು. ಪಂಚಮಿ ಮುಗಿದ ಮರುದಿನ ಇಳಿಯಿತು.

ಈಗ ಕೇಳು. ರಜಾಕಾರರ ಆ ವರ್ಷವೂ ನಾನು ಪಂಚಮಿಗೆಂದೇ ಸುಂದ್ರಾಳನ್ನು ಕರೆದುಕೊಂಡು ಎಕಂಬಾಕ್ಕೆ ಬಂದಿದ್ದೆ. ದಾರಿ ಕೆಟ್ಟು ಬೀದರಕ್ಕೆ ತಿರುಗಿ ಬರಲಾಗಲಿಲ್ಲ. ಪಕ್ಕದ ಹಳ್ಳಿಗೆ ಬೆಂಕಿ ಬಿದ್ದ ಮರುದಿನ ಬೆಳಿಗ್ಗೆ ನೀನು ಗಾಡಿ ಕಟ್ಟಿದೆ, ಗಡಿ ದಾಟಿ ಸೊಲ್ಲಾಪುರದ ಕಡೆ ಹೋಗಲು. ಅವ್ವ, ವೈನಿ, ನಿಮ್ಮಿಬ್ಬರ ಮಗ ಮಲ್ಲಿಕಾರ್ಜುನ ಹತ್ತಿದರು. ನಾನು ಗಂಟು ಹಿಡಿದು ಬಂದಾಗ ನೀನು ಏನು ಹೇಳಿದೆ? "ನೀ ಕೊಟ್ಟ ಹೆಣ್ಣು. ನಿನ್ನ ಮನಿಯವರಿಗಿ ಕೇಳಲಾರದೆ ಗಡಿ ದಾಟಿಸಿದರ ನಾಳಿ ನನಗ ಮಾತು ಬರ್ತದ. ಅವರು ಬಂದು ಕರಕೊಂಡು ಹೋಗ್ತಾರ. ಜಾಗಾನೂ ಇಲ್ಲ" ಎಂದೆ. ಊರು ಹೊತ್ತಿ ಉರಿಯುವಾಗ ನಿನಗೆ ರೀತಿ ರಿವಾಜು ನೆನಪಾಯಿತು!

ಅವ್ವನಿಗೆ ಕಣ್ಣಿಗೆ ಪೊರೆ ಬಂದಿತ್ತು. "ಗುರಮ್ಮ ಎಲ್ಲಿ?" ಎಂದು ಗಾಡಿಯ ಮುಂದಿನಿಂದ ಕೇಳಿದಳು. "ಬರಲ್ಲ ಅಂತ ಹಟ ಹಿಡದಾಳ" ಎಂದು ನೀನು ಹೇಳಿದ್ದು ನನ್ನ ಕಿವಿಗೆ ಬಿತ್ತು. ನಾನು ಅಲ್ಲೇ ಚಕ್ರದ ಪಕ್ಕದಲ್ಲಿ ನಿಂತಿದ್ದೆ. ಗಂಟನ್ನು ಎದೆಗೆ ಅವುಚಿಕೊಂಡೆ.

ಕುಬರಾ ನಮ್ಮಿಬ್ಬರನ್ನು ಹದಿನೆಂಟು ದಿನ ತನ್ನ ಮನೆಯ ಒಳಕೋಣೆಯಲ್ಲಿ ಇಟ್ಟುಕೊಂಡಳು. ಕೇಳಲು ಬಂದವರಿಗೆಲ್ಲ ನನ್ನನ್ನು ತನ್ನ ನಾದಿನಿ ಎಂದಳು. ಪೊಲೀಸ್ ಆಕ್ಷನ್ ಆದ ಮೇಲೆ ಅದೇ ಮನೆಗೆ ನಮ್ಮವರು ಬೆಂಕಿ ಇಟ್ಟರು. ಮಜೀದರು ಮತ್ತೆ ಮನೆಗೆ ಬರಲಿಲ್ಲ. ಆ ವಾರ ನೀನು ಖಾದಿ ಟೊಪ್ಪಿಗೆ ಹಾಕಿಕೊಂಡು ಭಾಲ್ಕಿಗೆ ಬಂದಿಳಿದು, ನನ್ನನ್ನೂ ಅಲ್ಲಿಗೆ ಕರೆಸಿಕೊಂಡೆ. ಕೊರಳಲ್ಲಿ ಹಾರ. ಜನರ ಮುಂದೆ, "ನನ್ನ ತಂಗಿ ಊರು ಬಿಡಲಾರದೆ ನಿಂತಳು, ಧೈರ್ಯದ ಹೆಣ್ಣು" ಎಂದು ನನ್ನನ್ನು ತೋರಿಸಿದೆ. ಜನ ಚಪ್ಪಾಳೆ ಹೊಡೆದರು. ನಾನು ತಲೆಯ ಮೇಲೆ ಸೆರಗು ಎಳೆದುಕೊಂಡೆ.

ತವರಿನ ಹೆಸರು ಕೆಡಬಾರದು ಎಂದು ನಾನೂ ಎಲ್ಲರಿಗೂ ಅದನ್ನೇ ಹೇಳಿದೆ. ನಮ್ಮ ಮನೆಯವರಿಗೂ ಹೇಳಿದೆ. ಅವ್ವ ಸಾಯುವಾಗ ನನ್ನ ಕೈ ಹಿಡಿದು, "ನಿನ್ನ ಹಟಕ್ಕ ಹಾವಗೆಪ್ಪ ಎಷ್ಟು ಕೊರಗಿದ್ನೇ" ಎಂದಳು. ನೀನು ತಲೆದೆಸೆಯಲ್ಲೇ ಕೂತಿದ್ದೆ. ಆಗಲಾದರೂ ಬಾಯಿ ಬಿಡುತ್ತೀ ಎಂದು ನಿನ್ನ ಮುಖ ನೋಡಿದೆ. ನೀನು ಅವ್ವನ ಹಣೆಗೆ ವಿಭೂತಿ ಹಚ್ಚಿದೆ.

ಅವ್ವ ನನ್ನನ್ನು ಹಟಮಾರಿ ಎಂದುಕೊಂಡೇ ಹೋದಳು. ಇದನ್ನು ನಾನು ಕ್ಷಮಿಸುವುದಿಲ್ಲ. ಕಾಲ ಹಾಗಿತ್ತು ಎಂದು ಬರೆಯಬೇಡ, ಕಾಲ ಕುಬರಾಳಿಗೂ ಹಾಗೇ ಇತ್ತು.

ಸಕ್ಕರೆಯನ್ನು ಪಂಢರಿಯ ಕೈಯಲ್ಲೇ ವಾಪಸು ಕಳಿಸಿದ್ದೇನೆ. ತಿಂದ ಮುಷ್ಟಿಯಷ್ಟನ್ನು ಪೇಟೆಯಿಂದ ತಂದು ಕೂಡಿಸಿದ್ದೇನೆ, ಬೇಕಾದರೆ ತೂಗಿ ನೋಡು. ಮಾತು ಮುರಿದವಳು ಗುರಮ್ಮ ಎಂದು ಭಾಲ್ಕಿಯ ಪೇಟೆಯಲ್ಲೆಲ್ಲ ಹೇಳು, ನನಗೆ ನಾಚಿಕೆಯಿಲ್ಲ. ಯಾಕೆ ಮುರಿದಳು ಎಂದು ಯಾರಾದರೂ ಕೇಳಿದರೆ ನನ್ನ ಹತ್ತಿರ ಕಳಿಸು. ನಮ್ಮ ಮನೆಯವರಿಗೆ ನಿನ್ನೆ ಎಲ್ಲ ಹೇಳಿದೆ. ಅವರು ಎದ್ದು ಹೊರಗೆ ಹೋಗಿ ಬಾಯಿ ಮುಕ್ಕಳಿಸಿ ಬಂದರು.

ಮಲ್ಲಿಕಾರ್ಜುನನಿಗೆ ನನ್ನ ಆಶೀರ್ವಾದ. ಆಗ ಅವನು ಕೂಸು, ಅವನ ತಪ್ಪೇನೂ ಇಲ್ಲ. ಬಸವಣ್ಣ ಅವನಿಗೆ ಒಳ್ಳೆಯ ಹೆಣ್ಣು ಕೊಡಲಿ, ನಾನು ಕೊಡುವುದಿಲ್ಲ. ನಿನಗೆ ಆಶೀರ್ವಾದ ಮಾಡಲು ನಾನು ಸಣ್ಣವಳು. ಶಾಪ ಹಾಕಲು ಮನಸ್ಸಿದೆ, ಅವ್ವ ನೆನಪಾಗಿ ಬಿಟ್ಟಿದ್ದೇನೆ.

ಇಂತು,
ಗುರಮ್ಮ

ತಾ.ಕ.: ಇದನ್ನು ಬರೆಯಬಾರದು ಎಂದುಕೊಂಡಿದ್ದೆ. ಗಾಡಿಯಲ್ಲಿ ಜಾಗ ಇತ್ತು. ಸುಂದ್ರಾ ಆಗಲೇ ಹತ್ತಿ, ಹಿಂಬದಿಯಲ್ಲಿ ಮಲ್ಲಿಕಾರ್ಜುನನ ಪಕ್ಕ ಕೂತಿದ್ದಳು. ನನ್ನನ್ನು ಬಿಡು, ಮಗಳನ್ನಾದರೂ ಕರೆದುಕೊಂಡು ಹೋಗು ಎಂದು ನಾನು ಬೇಡಿಕೊಂಡೆ. ನೀನು ಅವಳ ಕಂಕುಳಿಗೆ ಕೈ ಹಾಕಿ ಎತ್ತಿ ಕೆಳಗಿಳಿಸಿದೆ. ಅವಳು ಕೂತಿದ್ದ ಜಾಗದಲ್ಲಿ ವೈನಿಯ ತಾಮ್ರದ ಹಂಡೆ ಇಟ್ಟೆ. ಏಳು ವರ್ಷದ ಕೂಸು, ಮರೆತಿರುತ್ತಾಳೆ ಎಂದು ನಂಬಿಕೊಂಡು ನಾನು ಇಷ್ಟು ದಿನ ಬದುಕಿದೆ. ಮೊನ್ನೆ ಪಂಢರಿ ಹೋದ ಮೇಲೆ ಸುಂದ್ರಾ ಅಂಗಳ ಗುಡಿಸುತ್ತ, ತಲೆ ಎತ್ತದೆ ಕೇಳಿದಳು: "ಅವ್ವಾ, ನಾ ಆ ಮನಿಗಿ ಹೋದರ, ದಿನಾ ಅದೇ ಹಂಡ್ಯಾಗ ನೀರು ಕಾಯಿಸಬೇಕೇನ?"