ಸಮಾಧಿಗೆ ತಲುಪದ ಆಲೂಗಡ್ಡೆ

ಆಗಸ್ಟ್ ೧೭, ಭಾನುವಾರ. ಪಾಟ್ಸ್‌ಡಾಮ್.

ಸಮಾಧಿಯ ಮುಂದೆ ಚೀಲ ತಡಕಾಡುತ್ತಿದ್ದ ಅಮ್ಮನ ಮುಖ ಕಣ್ಣಿನಿಂದ ಹೋಗುತ್ತಿಲ್ಲ.

ಹಿಂದಿನ ಕಾಲದಲ್ಲಿ ಇಲ್ಲಿನ ಜನರನ್ನು ಆಲೂಗಡ್ಡೆ ಬೆಳೆಯಲು ಹಚ್ಚಿದ ರಾಜನೆಂದು, ಅರಮನೆಯ ಪಕ್ಕದ ಅವನ ಸಮಾಧಿಯ ಮೇಲೆ ಬಂದವರೆಲ್ಲ ಆಲೂಗಡ್ಡೆ ಇಡುತ್ತಾರೆ. ಅಪ್ಪನೂ ಪ್ರತಿವರ್ಷ ತನ್ನ ತೋಟದ್ದೊಂದನ್ನು ಇಡುತ್ತಿದ್ದ. ಈ ಸಲ ನೆಟ್ಟವನು ಅಗೆಯುವ ಮೊದಲೇ ತೀರಿಕೊಂಡ. ಆ ಬೆಳೆಯಲ್ಲಿ ದುಂಡಗಿನದೊಂದನ್ನು ಆರಿಸಿ ಅಮ್ಮ ಸಮಾಧಿಗೆಂದು ಕಿಟಕಿಯ ಬಳಿ ಇಟ್ಟಿದ್ದಳು. ನಿನ್ನೆ ಸೂಪಿಗೆ ಕಡಿಮೆ ಬಿತ್ತೆಂದು ನಾನು ಅದನ್ನೇ ಹೆಚ್ಚಿ ಹಾಕಿಬಿಟ್ಟೆ. ಅಲ್ಲಿ ನಿಂತಾಗಲೇ ನೆನಪಾದದ್ದು.

ಅರಮನೆಯ ಮುಂದಿನ ದ್ರಾಕ್ಷಿ ತೋಟದ ಮೆಟ್ಟಿಲುಗಳನ್ನು ಏದುಸಿರು ಬಿಡುತ್ತ ಹತ್ತಿದ್ದಳು ಅಮ್ಮ. "ಬೆಳಿಗ್ಗೆ ಕಿಟಕಿ ಹತ್ರ ಇರ್ಲಿಲ್ಲ. ಆಗ್ಲೇ ಚೀಲಕ್ಕೆ ಹಾಕ್ಕೊಂಡಿದೀನಿ ಅನ್ಕೊಂಡೆ" ಅಂದಳು.

"ಬಿಡಿ ಅತ್ತೆ, ಇಷ್ಟು ರಾಶಿ ಬಿದ್ದಿದೆ. ಇನ್ನೂ ಒಂದು ಕೊಟ್ರೆ ರಾಜನಿಗೆ ಅಜೀರ್ಣ ಆಗತ್ತೆ" ಎಂದು ನನ್ನ ಗಂಡ ಡೆಟ್ಲೆಫ್ ನಗಿಸಲು ನೋಡಿದ.

ಅಮ್ಮ ನಗಲಿಲ್ಲ. "ನಿಮ್ಮಜ್ಜಿಗೂ ಮರೆವು ಹೀಗೇ ಶುರುವಾಗಿದ್ದು ಕಣೇ."

ಆಗಲಾದರೂ ಹೇಳಬಹುದಿತ್ತು. "ವಯಸ್ಸಾಯ್ತಲ್ಲಮ್ಮ, ಇದೆಲ್ಲ ಇದ್ದಿದ್ದೇ" ಅಂದೆ. ಎಂಥ ಬಾಯಿ ನನ್ನದು.

ಮನೆಗೆ ಬಂದವಳೇ ಅಪ್ಪನ ತೋಟದ ಬೀಗದ ಕೈ ತಂದಳು. "ಇನ್ನು ಇದು ನಿನ್ನ ಹತ್ರಾನೇ ಇರ್ಲಿ. ನಾನು ಎಲ್ಲಾದ್ರೂ ಇಟ್ಟು ಮರೀತೀನಿ."

ನಾನು ಕೈ ಚಾಚಿ ತೆಗೆದುಕೊಂಡೆ.