ಸೊಕ್ಕೆಗೆ ಕಳಿಸಿದ ಸಾಕ್ಷಿ

ಬಸವಾಪಟ್ಟಣ
೧೬ ನವೆಂಬರ್ ೨೦೨೫

ಸೊಕ್ಕೆ ಸಂಸ್ಥಾನದ ಏಕಚಕ್ರಾಧಿಪತಿ, ಮೊಬೈಲ್ ತ್ಯಜಿಸಿದ ಮಹಾತಪಸ್ವಿನಿ, ಒಂಬತ್ತನೇ ತರಗತಿಯ ಪದಚ್ಯುತ ಲೀಡರ್ ಕುಮಾರಿ ಶಾಂತಲಾದೇವಿಯವರ ದಿವ್ಯ ಸನ್ನಿಧಾನಕ್ಕೆ, ಅವರ ಚಿಕ್ಕಪ್ಪನ ಮಗನೂ ಬಿ.ಎ. ಎಂಬ ಕೋಟೆಗೆ ಮತ್ತೆ ಮುತ್ತಿಗೆ ಹಾಕಿರುವ ವೀರನೂ ಆದ ಸಿದ್ದಲಿಂಗೇಶನು ಅಡ್ಡಬಿದ್ದು ಬಿನ್ನವಿಸುವುದೇನೆಂದರೆ:

ತಂಗೀ, ಉತ್ತರ ತಡವಾಯಿತು, ಸಿಟ್ಟಾಗಬೇಡ. ಅಪ್ಪ ಕಂಪ್ಲೇಂಟ್ ಕೊಟ್ಟರಾ, ನಾನು ಯಾವಾಗ ಸ್ಕೂಲಿಗೆ ಬರಲಿ ಎಂದು ನೀನು ಕೇಳಿದ್ದೆ. ಹೇಳಲು ಏನಾದರೂ ಸಿಗಲಿ ಎಂದು ಕಾದೆ.

ನಿಮ್ಮಮ್ಮ, ನನ್ನ ದೊಡ್ಡಮ್ಮ, ನಿನ್ನ ಯೂನಿಫಾರ್ಮ್ ಒಗೆದು ಇಸ್ತ್ರಿ ಮಾಡಿಟ್ಟಿದ್ದಾಳೆ. ಕೇಳಿದವರಿಗೆಲ್ಲ, ಅಜ್ಜಿಗೆ ಹುಷಾರಿಲ್ಲ, ನೋಡಿಕೊಳ್ಳಾಕೆ ಹೋಗ್ಯಾಳೆ ಎನ್ನುತ್ತಾಳೆ. ಮೆಕ್ಕೆಜೋಳ ಮುರಿಯಲು ಕೂಲಿಯವರಿಗಿಂತ ಮುಂಚೆ ಹೊಲಕ್ಕೆ ಹೋಗುವ ನಿಮ್ಮಜ್ಜಿಗೆ ಈ ಕಾಯಿಲೆಯ ವಿಷಯ ತಿಳಿಸಬೇಡ.

ನಿನಗೆ ಗೊತ್ತಿರುವುದನ್ನೇ ಮತ್ತೆ ಬರೆಯುತ್ತೇನೆ, ಇಲ್ಲಿ ಯಾರೂ ಅದನ್ನು ಬಾಯಿಬಿಟ್ಟು ಹೇಳುವುದಿಲ್ಲ. ಮೊಬೈಲ್ ಗೇಮಿನಲ್ಲಿ ಹುಡುಗಿಯ ಹೆಸರಿಟ್ಟುಕೊಂಡು ಬಂದವನೊಬ್ಬ ನಿನ್ನ ಫೋಟೊ ಪಡೆದ. ಅದನ್ನು ಕೆಟ್ಟದಾಗಿ ತಿದ್ದಿ, ಹೇಳಿದಂತೆ ಕೇಳದಿದ್ದರೆ ಊರಿಗೆಲ್ಲ ಹಂಚುತ್ತೇನೆಂದ. ನೀನು ಬಂದು ನಿಮ್ಮಪ್ಪನಿಗೆ, ನನ್ನ ದೊಡ್ಡಪ್ಪನಿಗೆ, ಹೇಳಿದೆ. ದೊಡ್ಡಪ್ಪ ಫೋನನ್ನು ರೇವಣ್ಣನ ಮೊಬೈಲ್ ಅಂಗಡಿಗೆ ಒಯ್ದು ಎಲ್ಲವನ್ನೂ ಅಳಿಸಿ ಹಾಕಿಸಿದರು. ಮನೆಗೆ ಬಂದವರೇ ಮೈಲಿಗೆ ಕಳೆಯಿತೆಂದು ತಲೆಗೆ ನೀರು ಹಾಕಿಕೊಂಡರು. ಅವನು ಬರೆದದ್ದೆಲ್ಲ ಹೋದಮೇಲೆ ಉಳಿದಿದ್ದ ಸಾಕ್ಷಿ ನೀನೊಬ್ಬಳು. ನಿನ್ನನ್ನು ಮಾರನೇ ದಿನ ಸೊಕ್ಕೆಯ ಅಜ್ಜಿ ಮನೆಗೆಂದು ಜಗಳೂರು ಬಸ್ಸು ಹತ್ತಿಸಿದರು.

ಈಗ ಮಹಾಸಭೆಯ ವೃತ್ತಾಂತ. ಮೊನ್ನೆ ಮಕ್ಕಳ ದಿನಾಚರಣೆಗೆ ನಿನ್ನ ಶಾಲೆಯಲ್ಲಿ, ಆನ್‌ಲೈನಿನಲ್ಲಿ ಮಕ್ಕಳ ರಕ್ಷಣೆಯ ಕಾನೂನು ಕುರಿತು ಕಾರ್ಯಕ್ರಮವಿತ್ತು. ಅಧ್ಯಕ್ಷತೆ, ಎಸ್‌ಡಿಎಂಸಿ ಅಧ್ಯಕ್ಷರೂ ಅಡಿಕೆ ವರ್ತಕರೂ ನಿನ್ನ ಜನ್ಮದಾತರೂ ಆದ ಶ್ರೀಯುತ ಬಸವರಾಜಪ್ಪನವರದು. ಪೇಟ ಸುತ್ತಿಸಿಕೊಂಡು ಕೂತಿದ್ದರು.

ಹೊನ್ನಾಳಿಯಿಂದ ಬಂದ ವಕೀಲೆ ಮೇಡಂ ಚೆನ್ನಾಗಿ ಮಾತಾಡಿದರು. ಕಾನೂನು ಬಿಗಿಯಾಗಿದೆ, ಇನ್ನೂ ಬಿಗಿಯಾಗಬೇಕು ಎಂದರು. ಫೋನಿನಲ್ಲಿರುವುದನ್ನು ಅಳಿಸಬೇಡಿ, ಅದೇ ಸಾಕ್ಷಿ ಎಂದರು. ದೊಡ್ಡಪ್ಪ ತಲೆಯಾಡಿಸಿದರು. ಇಂಥದ್ದು ಗೊತ್ತಿದ್ದೂ ದೂರು ಕೊಡದಿರುವುದೂ ಪೋಕ್ಸೊ ಕಾಯ್ದೆಯಲ್ಲಿ ಅಪರಾಧವೇ ಎಂದರು. ಮೊದಲು ಚಪ್ಪಾಳೆ ತಟ್ಟಿದವರು ದೊಡ್ಡಪ್ಪ. ಆಮೇಲೆ ಅಧ್ಯಕ್ಷ ಭಾಷಣದಲ್ಲಿ, ಕಾನೂನು ಇನ್ನೂ ಗಟ್ಟಿ ಮಾಡಾಕೆ ಸರ್ಕಾರಕ್ಕೆ ಮನವಿ ಕೊಡ್ತೀವಿ ಎಂದು ಘೋಷಿಸಿದರು. ಇರುವ ಕಾನೂನು ಅವರ ಪಕ್ಕದ ಕುರ್ಚಿಯಲ್ಲೇ ಕೂತು ನೀರು ಕುಡಿಯುತ್ತಿತ್ತು.

ಪ್ರಶ್ನೆ ಇದ್ದವರು ಕೇಳಬಹುದು ಎಂದರು. ನಾನು ಎದ್ದೆ. ಮೈಕು ಹಿಡಿದು, ಮಠದ ಸ್ವಾಮಿಗಳಿಗೂ ಸಾಧ್ಯವಾಗದ ಗಾಂಭೀರ್ಯದಿಂದ ಕೇಳಿದೆ:

“ಮೇಡಂ, ತಪ್ಪು ಮಾಡ್ದೋನು ಎಲ್ಲೋ ಆರಾಮ ಅದಾನೆ. ಬಾಯಿಬಿಟ್ಟು ಹೇಳಿದ ಹುಡುಗೀನ ಸ್ಕೂಲು ಬಿಡಿಸಿ ಊರೂ ಬಿಡಿಸ್ಯಾರೆ. ಅದಕ್ಕೆ ಯಾವ ಕಾನೂನು ಐತ್ರಿ?”

ಮೇಡಂ, ಯಾರ ಮನೆಯ ಹುಡುಗಿ ಎಂದು ಕೇಳಿದರು. ದೊಡ್ಡಪ್ಪ ಪೇಟ ತೆಗೆದು ಮೇಜಿನ ಮೇಲಿಟ್ಟು ಎದ್ದು ನಿಂತರು. “ನನ್ನ ಮಗಳು. ವಾರದೊಳಗೆ ಕರಕೊಂಡು ಬಂದು ಠಾಣೆಗೆ ಹೋಗ್ತೀನಿ” ಎಂದರು. ದೊಡ್ಡಮ್ಮ ಹಿಂದಿನ ಸಾಲಿನಲ್ಲಿ ಸೆರಗಿನಿಂದ ಬಾಯಿ ಒತ್ತಿಕೊಂಡಳು.

ಆದ್ದರಿಂದ ಬಟ್ಟೆ ಕಟ್ಟಿಟ್ಟುಕೋ. ಅಜ್ಜಿಗೆ ನಮಸ್ಕಾರ ಹೇಳು. ನಿನಗೆ ನನ್ನ ಆಯುಷ್ಯವೂ ಸೇರಿ ನೂರು ವರ್ಷವಾಗಲಿ, ಬಿ.ಎ. ಮಾತ್ರ ನನ್ನ ಹಾಗೆ ಓದಬೇಡ.

ನಿನ್ನ ಅಣ್ಣ,
ಸಿದ್ದಲಿಂಗೇಶ್

ತಾ.ಕ.: ಕವರಿಗೆ ಅಂಟು ಹಚ್ಚುವ ಮುಂಚೆ ಓದಿ ನೋಡಿದೆ. ಬಟ್ಟೆ ಕಟ್ಟಬೇಡ ತಂಗೀ. ಹರಿದು ಹಾಕಲು ಮನಸ್ಸು ಬರಲಿಲ್ಲ, ನಡೆಯಬೇಕಾಗಿದ್ದದ್ದು ಅದೇ. ನಾನು ಎದ್ದದ್ದು ನಿಜ, ಮೈಕು ಕೈಗೆ ಬಂದದ್ದೂ ನಿಜ. ದೊಡ್ಡಪ್ಪ ನನ್ನನ್ನೇ ನೋಡುತ್ತಿದ್ದರು. ಊಟಕ್ಕೆ ಹೋಳಿಗೆ ಐತ್ರಾ ಎಂದಷ್ಟೇ ಕೇಳಿದೆ. ಸಭೆಯೆಲ್ಲ ನಕ್ಕಿತು. ದೊಡ್ಡಪ್ಪನೂ ನಕ್ಕರು. ನಾನೂ.